ಕಂಡಕ್ಟರ್ ಸಾಹೇಬ್ರು ಒಪ್ಪದ ಲೆಕ್ಕ

"ಅವನೆತ್ತಿದ ಕೈಗೆ ನನ್ನ ಹೆಸರಲ್ಲಿ ಟಿಕೆಟ್ ಹರೀತಿದೆಯಲ್ಲಪ್ಪಾ ನಿನ್ನ ಬೊಂಬೆ!"

ಎಂಟು ತಿಂಗಳು ನಿದ್ದೆಗೆಟ್ಟು ಕಟ್ಟಿದ ರೋಬೋಟಿಗೆ ಸಿಕ್ಕ ಮೊದಲ ಮಾತು ಇದು. ಹೇಳಿದವರು ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ರಿಟೈರ್ ಆಗಿ ಎರಡು ವರ್ಷಕ್ಕೆ ಲಕ್ವ ಹೊಡೆದಿತ್ತು. ಬಲಗಾಲು ಸುಮಾರಾಗಿ ಚೇತರಿಸಿಕೊಂಡಿತ್ತು, ಬಲಗೈ ಇನ್ನೂ ಮಾತು ಕೇಳುತ್ತಿರಲಿಲ್ಲ. ಮೈಸೂರಿನ ಆ ಚಿಕಿತ್ಸಾ ಕೇಂದ್ರದಲ್ಲಿ ಎಲ್ಲರೂ ಅವರನ್ನು ಕಂಡಕ್ಟರ್ ಸಾಹೇಬ್ರು ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಆ ದಿನ ಆಗಿದ್ದಿಷ್ಟು. ಸಾಹೇಬ್ರು ಕುರ್ಚಿಯಲ್ಲಿ ಕೂತು, ಎದುರಿನ ಮೇಜಿನ ಮೇಲಿದ್ದ ರೋಬೋಟ್ ತೋರಿಸಿದಂತೆ ಕೈ ಮುಂದೆ ಚಾಚುತ್ತಿದ್ದರು. ಹಿಂದುಗಡೆ ಅಟೆಂಡರ್ ಹುಡುಗ ಕಿಟಕಿ ಪರದೆ ಎಳೆಯಲು ಬಂದ. ಕೈ ಮೇಲೆತ್ತಿದ. ರೋಬೋಟ್ "ಹನ್ನೊಂದು" ಅಂದಿತು. ಪರದೆ ಸಿಕ್ಕಿಕೊಂಡಿತ್ತು, ಇನ್ನೊಂದು ಸಲ ಎಳೆದ. "ಹನ್ನೆರಡು, ತುಂಬಾ ಚೆನ್ನಾಗಿದೆ" ಅಂದಿತು. ಸಾಹೇಬ್ರ ಕೈ ತೊಡೆ ಮೇಲೇ ಇತ್ತು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ಬೆಂಗಳೂರಿಗೆ ವಾಪಸ್ ಬರುವಾಗ ಮಾತ್ರ ನಗು ಬರಲಿಲ್ಲ.

ಈ ಬೊಂಬೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಸೊಂಟದಿಂದ ಮೇಲಿನ ಮೈ ಅಷ್ಟೇ, ಸುಮಾರು ಎರಡಡಿ ಎತ್ತರ. ತ್ರೀಡಿ ಪ್ರಿಂಟರಿನಲ್ಲಿ ಮಾಡಿದ ಬಿಳಿ ಪ್ಲಾಸ್ಟಿಕ್. ಒಂದೊಂದು ಕೈಗೆ ಐದು ಮೋಟಾರು. ಎದೆಯ ಜಾಗದಲ್ಲಿ ಒಂದು ಡೆಪ್ತ್ ಕ್ಯಾಮೆರಾ, ಅಂದರೆ ಎದುರಿನ ವಸ್ತು ಎಷ್ಟು ದೂರದಲ್ಲಿದೆ ಅಂತಲೂ ಅಳೆಯುವ ಕ್ಯಾಮೆರಾ. ಅದು ಎದುರು ಕೂತವರ ಭುಜ, ಮೊಣಕೈ, ಮಣಿಕಟ್ಟು ಎಲ್ಲಿದೆ ಅಂತ ಹುಡುಕಿ ಒಂದು ಕಡ್ಡಿ ಮನುಷ್ಯನ ಚಿತ್ರ ಬರೆದುಕೊಳ್ಳುತ್ತದೆ. ಆ ಕಡ್ಡಿ ಕೈ ಚಾಚಿದರೆ ಒಂದು ಲೆಕ್ಕ. ರೋಬೋಟ್ ತಾನೂ ಕೈ ಎತ್ತಿ ತೋರಿಸುತ್ತದೆ, ಎಣಿಸುತ್ತದೆ, ಹುರಿದುಂಬಿಸುತ್ತದೆ. ಯಾರನ್ನೂ ಮುಟ್ಟುವುದಿಲ್ಲ.

ಮುಟ್ಟದ ರೋಬೋಟಿನಿಂದ ಏನು ಪ್ರಯೋಜನ ಅಂತ ನನ್ನ ಅಪ್ಪನೇ ಕೇಳಿದ್ದರು. ಲಕ್ವ ಹೊಡೆದ ಮೇಲೆ ಮೆದುಳು ಕೈಯನ್ನು ಮತ್ತೆ ಪಳಗಿಸಿಕೊಳ್ಳಬೇಕು. ಅದಕ್ಕೆ ಮಾಡಿದ್ದನ್ನೇ ಮಾಡಬೇಕು, ಸಿಕ್ಕಾಪಟ್ಟೆ ಸಲ ಮಾಡಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ಆದರೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಿಕಿತ್ಸೆಯ ಕೋಣೆಗಳಲ್ಲೇ ಕೂತು ಎಣಿಸಿ ನೋಡಿದಾಗ, ಒಂದು ಸಲದ ವ್ಯಾಯಾಮದಲ್ಲಿ ರೋಗಿ ಕೈಯಿಂದ ಮಾಡಿದ ಕೆಲಸದ ಚಲನೆ ಸರಾಸರಿ 32 ಅಷ್ಟೇ ಇತ್ತು. ಮನೆಗೆ ಹೋದ ಮೇಲಂತೂ ಕೇಳಲೇಬೇಡಿ. ಕೈ ಎತ್ತೋದು, ಇಳಿಸೋದು, ಬೇಜಾರಿನ ಕೆಲಸ. ಪಕ್ಕದಲ್ಲಿ ಕೂತು "ಇನ್ನೊಂದು, ಇನ್ನೊಂದು" ಅನ್ನೋರು ಬೇಕು. ಸೊಸೆಗೆ ಕೆಲಸವಿರುತ್ತದೆ, ಮಗ ಆಫೀಸಿಗೆ ಹೋಗಿರುತ್ತಾನೆ. ಮುಟ್ಟದೆ, ಬರೀ ಮಾತಿನಿಂದ, ಜೊತೆಗಿದ್ದು ಸಹಾಯ ಮಾಡುವ ಇಂಥ ರೋಬೋಟುಗಳನ್ನು ಬೇರೆ ಜಾತಿ ಅಂತ ಗುರುತಿಸಿ 2005ರಲ್ಲಿ ಅವಕ್ಕೊಂದು ಹೆಸರಿಟ್ಟವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಯಾ ಮತಾರಿಚ್ ಮತ್ತು ಡೇವಿಡ್ ಫೈಲ್-ಸೈಫರ್. ಸೋಷಿಯಲಿ ಅಸಿಸ್ಟಿವ್ ರೋಬೋಟ್, ಅಂದರೆ ಸಾಮಾಜಿಕವಾಗಿ ನೆರವಾಗುವ ರೋಬೋಟ್ ಅಂತ. ನಮ್ಮದೂ ಅದೇ ಜಾತಿ, ಅಗ್ಗದ ಮಾದರಿ.

ನಮ್ಮದು ಏಳು ಜನರ ಪುಟ್ಟ ಕಂಪನಿ. ಕೆಳಗೆ ಬೇಕರಿ, ಮೇಲೆ ನಾವು. ಅಲ್ಲಿ ಎಲ್ಲ ಚೆನ್ನಾಗೇ ನಡೆಯುತ್ತಿತ್ತು. ಯಾಕೆ ಅಂದರೆ ಪರೀಕ್ಷೆಗೆ ಕೂರುತ್ತಿದ್ದವರು ನಾವೇ. ಎಲ್ಲರೂ ಟೀ ಶರ್ಟ್ ಹಾಕಿದ ಹುಡುಗ ಹುಡುಗಿಯರು. ಟ್ಯೂಬ್ ಲೈಟ್ ಬೆಳಕು, ಹಿಂದೆ ಖಾಲಿ ಗೋಡೆ. ಮೈಸೂರಿನ ಕೋಣೆಯಲ್ಲಿ ಪಡುವಣ ಕಿಟಕಿ. ನಾಲ್ಕು ಗಂಟೆಗೆ ಬಿಸಿಲು ನೇರ ಕ್ಯಾಮೆರಾ ಮೇಲೆ ಬೀಳುತ್ತದೆ. ನಮ್ಮ ಕ್ಯಾಮೆರಾ ದೂರ ಅಳೆಯುವುದು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಿಂದ. ಬಿಸಿಲಿನಲ್ಲಿ ಅದೇ ಬೆಳಕು ಬಂಡಿಗಟ್ಟಲೆ ಇರುತ್ತದಲ್ಲ, ಕ್ಯಾಮೆರಾ ಕುರುಡಾಗುತ್ತದೆ. ಜೊತೆಗೆ ಶಾಲು, ಸ್ವೆಟರು, ಸೆರಗು. ಹಿಂದೆ ಮುಂದೆ ಓಡಾಡುವ ಜನ, ಕಾಫಿ ತರುವವರು. ಕಡ್ಡಿ ಮನುಷ್ಯ ಸಾಹೇಬ್ರ ಮೈ ಬಿಟ್ಟು ಅಟೆಂಡರ್ ಮೈಗೆ ಹಾರಿದ್ದು ಹೀಗೆ.

ಇನ್ನೊಂದು ಎಡವಟ್ಟು ಮೊದಲ ಗಂಟೆಯಲ್ಲೇ ಬಯಲಾಯಿತು. "ಬಲಗೈ ಎತ್ತಿ" ಅಂತ ಹೇಳಿ ರೋಬೋಟ್ ತನ್ನ ಬಲಗೈ ಎತ್ತುತ್ತಿತ್ತು. ಎದುರು ಕೂತವರಿಗೆ ಅದು ಎಡಗಡೆ ಕಾಣುತ್ತದೆ. ಮೂವರಲ್ಲಿ ಇಬ್ಬರು ಚೆನ್ನಾಗಿರುವ ಕೈಯನ್ನೇ ಎತ್ತಿದರು. ಭರತನಾಟ್ಯ ಕಲಿಸುವ ಟೀಚರಮ್ಮಂದಿರನ್ನು ನೋಡಿ, ಮಕ್ಕಳ ಎದುರು ನಿಂತಾಗ ಕನ್ನಡಿಯ ಹಾಗೆ ಉಲ್ಟಾ ಮಾಡಿ ತೋರಿಸುತ್ತಾರೆ. ನಮ್ಮ ಏಳು ಜನರಿಗೆ ಅದು ಹೊಳೆದಿರಲಿಲ್ಲ. ಅದನ್ನು ತಿದ್ದಲು ಎರಡು ಸಾಲು ಕೋಡ್ ಸಾಕಾಯಿತು.

ಮಾತಿನ ವಿಷಯದಲ್ಲೂ ಹಾಗೇ. ನಾವು ಬರೆದುಕೊಟ್ಟಿದ್ದ ಕನ್ನಡ "ಅತ್ಯುತ್ತಮ! ನಿಮ್ಮ ಪ್ರಯತ್ನ ಶ್ಲಾಘನೀಯ" ಅನ್ನುತ್ತಿತ್ತು. ಒಬ್ಬ ಅಜ್ಜಿ ಕೈ ಮುಗಿದುಬಿಟ್ಟರು, ಯಾವುದೋ ಸಮಾರಂಭ ಅಂದುಕೊಂಡು. ಫಿಸಿಯೋ ಮೇಡಂ ದಿನವಿಡೀ ಆಡುವ ಮಾತನ್ನು ಎರಡು ದಿನ ರೆಕಾರ್ಡ್ ಮಾಡಿಕೊಂಡೆ. "ಹ್ಞಾ, ಹಾಗೇ", "ನಿಧಾನ, ನಿಧಾನ", "ಉಸಿರು ಬಿಡಿ", "ಇನ್ನೊಂದ್ಸಲ ನೋಡೋಣ". ಅವರು "ಭೇಷ್" ಅನ್ನುತ್ತಿದ್ದದ್ದು ದಿನಕ್ಕೆ ನಾಲ್ಕೋ ಐದೋ ಸಲ. ನಮ್ಮ ರೋಬೋಟ್ ಪ್ರತಿ ಸಲಕ್ಕೂ ಅನ್ನುತ್ತಿತ್ತು. ಬಿಟ್ಟಿ ಹೊಗಳಿಕೆ ಯಾರಿಗೆ ಬೇಕು?

ಆ ಹೊಗಳಿಕೆಯೇ ದೊಡ್ಡ ರಗಳೆಗೆ ಕಾರಣವಾಯಿತು. ಎರಡನೇ ವಾರ ಮೇಡಂ ನನ್ನನ್ನು ಹೊರಗೆ ಕರೆದರು. "ನಿಮ್ಮ ಬೊಂಬೆ ಕೆಟ್ಟ ಚಾಳಿ ಕಲಿಸ್ತಿದೆ, ನೋಡಿ ಬನ್ನಿ" ಅಂದರು. ಹೋಗಿ ನೋಡಿದೆ. ಸಾಹೇಬ್ರು ಮುಂದಿನ ಲೋಟ ಮುಟ್ಟಲು ಮೊಣಕೈ ಬಿಚ್ಚುತ್ತಿರಲಿಲ್ಲ. ಸೊಂಟದಿಂದ ಇಡೀ ಮೈಯನ್ನೇ ಮುಂದಕ್ಕೆ ಬಗ್ಗಿಸುತ್ತಿದ್ದರು. ಕೈ ಲೋಟದ ಹತ್ತಿರ ಹೋಗುತ್ತಿತ್ತು, ರೋಬೋಟ್ ಎಣಿಸುತ್ತಿತ್ತು. ಲಕ್ವ ಆದವರಲ್ಲಿ ಇದು ತೀರಾ ಸಾಮಾನ್ಯ. ಮೈ ಸುಲಭದ ದಾರಿ ಹುಡುಕಿಕೊಳ್ಳುತ್ತದೆ. ಆಮೇಲೆ ಅದೇ ರೂಢಿಯಾಗಿ ಮೊಣಕೈ ತನ್ನ ಕೆಲಸ ಮರೆಯುತ್ತದೆ.

ಬಗ್ಗುವುದನ್ನು ಹಿಡಿಯುವುದು ಸುಲಭ ಅಂದುಕೊಂಡೆ. ಭುಜದಿಂದ ಸೊಂಟಕ್ಕೆ ಒಂದು ಗೆರೆ ಎಳೆದು ಅದು ಎಷ್ಟು ವಾಲಿದೆ ನೋಡಿದರಾಯಿತು. ಆದರೆ ಸೊಂಟ ಮೇಜಿನ ಹಿಂದಿತ್ತು. ಕ್ಯಾಮೆರಾಗೆ ಕಾಣುತ್ತಲೇ ಇರಲಿಲ್ಲ. ತಮಾಷೆ ಏನು ಗೊತ್ತಾ? ಸಾಫ್ಟ್‌ವೇರ್ ಹಾಗಂತ ಹೇಳುವುದಿಲ್ಲ. ಇಲ್ಲೇ ಎಲ್ಲೋ ಇರಬೇಕು ಅಂತ ಊಹೆ ಮಾಡಿ ಒಂದು ಚುಕ್ಕಿ ಇಟ್ಟುಬಿಡುತ್ತದೆ. ಕಂಡಿದ್ದಕ್ಕೂ ಚುಕ್ಕಿ, ಕಾಣದ್ದಕ್ಕೂ ಚುಕ್ಕಿ, ಎರಡೂ ಒಂದೇ ಬಣ್ಣ. ತಿಂಗಳುಗಟ್ಟಲೆ ಆ ಚುಕ್ಕಿಗಳನ್ನು ನೋಡಿಕೊಂಡು ಕೂತಿದ್ದ ನನಗೆ ಅದರಲ್ಲಿ ಅರ್ಧ ಬರೀ ಊಹೆ ಅಂತ ಅವತ್ತು ಗೊತ್ತಾಯಿತು.

ಕೊನೆಗೆ ಬೇರೆ ದಾರಿ ಹಿಡಿದೆವು. ಶುರುವಿನಲ್ಲಿ ಬೆನ್ನನ್ನು ಕುರ್ಚಿಗೆ ಆನಿಸಿ ಕೂರಿಸಿ, ಭುಜ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳುವುದು. ವ್ಯಾಯಾಮದ ನಡುವೆ ಭುಜಗಳು ನಾಲ್ಕು ಬೆರಳಿಗಿಂತ ಜಾಸ್ತಿ ಮುಂದೆ ಬಂದರೆ ಅದು ಬಗ್ಗಿದ ಲೆಕ್ಕ. ಅದೂ ಮೊದಲ ದಿನ ಕೈಕೊಟ್ಟಿತು. ಪ್ಲಾಸ್ಟಿಕ್ ಕುರ್ಚಿ ನುಣ್ಣನೆ ನೆಲದಲ್ಲಿ ಸರಿದುಹೋಗುತ್ತಿತ್ತು! ಕಬ್ಬಿಣದ ಕುರ್ಚಿ ತರಿಸಿ, ಅದರ ಕಾಲಿನ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿದೆವು.

ಬಗ್ಗಿದರೆ ರೋಬೋಟ್ ಏನು ಹೇಳಬೇಕು? "ದಯವಿಟ್ಟು ನೇರವಾಗಿ ಕುಳಿತುಕೊಳ್ಳಿ" ಅಂತ ಹಾಕಿದ್ದೆ. ಅಷ್ಟುದ್ದ ಹೇಳಿ ಮುಗಿಸುವಷ್ಟರಲ್ಲಿ ಕೈ ಚಾಚಿ ವಾಪಸ್ಸೂ ಬಂದಿರುತ್ತಿತ್ತು. ಸಾಹೇಬ್ರು "ಹೋಲ್ಡಾನ್ ಅನ್ನಪ್ಪ, ಸಾಕು" ಅಂದರು. ಹಾಕಿದೆವು. ಬಗ್ಗಿದ ಕೂಡಲೇ "ಹೋಲ್ಡಾನ್!" ಸರಿಯಾಗಿ ಕೂತರೆ "ರೈಟ್, ರೈಟ್". ಬಸ್ಸಲ್ಲಿ ಓಡಾಡಿದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮೇಡಂ ಕೂಡ ಬೇರೆ ರೋಗಿಗಳಿಗೆ ಹೋಲ್ಡಾನ್ ಅನ್ನಲು ಶುರು ಮಾಡಿದರು.

ಇಷ್ಟರಲ್ಲಿ ಸಾಹೇಬ್ರು ಒಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದರು. ಎಡಗೈಯಲ್ಲಿ ಸೊಟ್ಟ ಸೊಟ್ಟ ಗೆರೆ ಹಾಕಿ ತಮ್ಮದೇ ಎಣಿಕೆ. ಕೊನೆಗೆ ರೋಬೋಟಿನ ಲೆಕ್ಕದ ಜೊತೆ ತಾಳೆ ನೋಡುತ್ತಿದ್ದರು. ಅದನ್ನು ವೇಬಿಲ್ ಅಂತ ಕರೆಯುತ್ತಿದ್ದರು, ಕಂಡಕ್ಟರುಗಳು ಟಿಕೆಟ್ ಲೆಕ್ಕ ಬರೆಯುವ ಹಾಳೆಯ ಹೆಸರು ಅದು. "ಒಂದು ಟಿಕೆಟ್ ಹೆಚ್ಚುಕಮ್ಮಿ ಆದ್ರೂ ಚೆಕಿಂಗ್‌ನವರು ಬಿಡ್ತಿರಲಿಲ್ಲ ನಮ್ಮನ್ನ. ಇವನನ್ನ ಯಾಕೆ ಬಿಡಬೇಕು?" ದಿನಾ ಮೂರೋ ನಾಲ್ಕೋ ವ್ಯತ್ಯಾಸ ಬರುತ್ತಿತ್ತು. ಅವರದ್ದೇ ಸರಿ ಇರುತ್ತಿತ್ತು. ವಿಡಿಯೋ ಹಾಕಿ ನೋಡಿದರೆ ಬಿಸಿಲಿಗೋ ಶಾಲಿಗೋ ನಮ್ಮದು ಎಡವಿರುತ್ತಿತ್ತು.

ಆ ಕಡ್ಡಿ ಮನುಷ್ಯನ ಒಂದೊಂದು ಕೀಲಿಗೂ ಸಾಫ್ಟ್‌ವೇರ್ ಒಂದು ಅಂಕಿ ಕೊಡುತ್ತದೆ, ಸೊನ್ನೆಯಿಂದ ಒಂದರ ತನಕ. ತನಗೆಷ್ಟು ಖಾತ್ರಿ ಇದೆ ಅನ್ನುವ ಅಂಕಿ. ಊಹೆಯ ಚುಕ್ಕಿಗೆ ಅದು ಕಮ್ಮಿ ಇರುತ್ತದೆ. ನಾವು ಅದನ್ನು ಓದುತ್ತಲೇ ಇರಲಿಲ್ಲ! ಈಗ ನಿಯಮ ಮಾಡಿದೆ. ಖಾತ್ರಿ 0.7ಕ್ಕಿಂತ ಕಮ್ಮಿ ಇದ್ದರೆ ಎಣಿಸಬಾರದು, ಸುಮ್ನೆ ಇರಲೂಬಾರದು. "ಇದು ನನಗೆ ಸರಿಯಾಗಿ ಕಾಣಲಿಲ್ಲ" ಅಂತ ಬಾಯಿಬಿಟ್ಟು ಹೇಳಬೇಕು.

ನಮ್ಮ ಕಂಪನಿಯ ಹಿರಿಯರಿಗೆ ಇದು ಸುತರಾಂ ಇಷ್ಟವಾಗಲಿಲ್ಲ. "ದುಡ್ಡು ಕೊಟ್ಟು ತಗೊಳ್ಳೋರ ಮುಂದೆ ಮಿಷನ್ನೇ ನನಗೆ ಕಾಣಲ್ಲ ಅಂದ್ರೆ ಹೇಗೆ?" ಅಂದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಮೊದಲ ದಿನ ಬಿಸಿಲು ಬಿದ್ದಾಗ ಅದು ಹೇಳಿದ್ದೇ ಹೇಳಿತು, ಕಾಣಲಿಲ್ಲ, ಕಾಣಲಿಲ್ಲ. "ಇವನಿಗೊಂದು ಕನ್ನಡಕ ಮಾಡಿಸ್ರಪ್ಪ" ಅಂತ ಸಾಹೇಬ್ರು ಎದ್ದೇಬಿಟ್ಟರು.

ಬರೀ ಕಾಣಲಿಲ್ಲ ಅಂದರೆ ಎದುರು ಕೂತವರು ಏನು ಮಾಡಬೇಕು, ಅಲ್ವಾ? ಯಾಕೆ ಕಾಣಲಿಲ್ಲ ಅಂತಲೂ ಹೇಳಬೇಕು. ಇದು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಬಿಸಿಲಾದರೆ ಚಿತ್ರದ ತುಂಬ ತೂತು ಬೀಳುತ್ತವೆ. ಶಾಲಾದರೆ ಮೊಣಕೈ ಒಂದೇ ಮಾಯವಾಗುತ್ತದೆ. ಹಿಂದೆ ಜನ ಬಂದರೆ ಎರಡು ಕಡ್ಡಿ ಮನುಷ್ಯರು. ಸತತ ಮೂರು ಸಲ ತಪ್ಪಿದರೆ ನಿಂತು, "ಬಿಸಿಲು ಜಾಸ್ತಿ ಇದೆ, ಪರದೆ ಎಳೀತೀರಾ?" ಅಂತ ಕೇಳುವ ಹಾಗೆ ಮಾಡಿದೆ. ಅಟೆಂಡರ್ ಹುಡುಗ ಎದ್ದು ಹೋಗಿ ಎಳೆದ. ಅವನು ಕೈ ಎತ್ತಿದಾಗ ರೋಬೋಟ್ ತೆಪ್ಪಗಿತ್ತು. ಸಾಹೇಬ್ರು ಹುಬ್ಬು ಹಾರಿಸಿ ನನ್ನ ಕಡೆ ನೋಡಿದರು. ಅವತ್ತು ವೇಬಿಲ್ಲಿನಲ್ಲಿ ವ್ಯತ್ಯಾಸ ಬಂದದ್ದು ಒಂದೇ ಒಂದು.

ಮುಂದಿನ ಪಾಠ ಲೋಟದ್ದು. ರೋಬೋಟ್ ಒಂದು ಪ್ಲಾಸ್ಟಿಕ್ ಲೋಟ ಹಿಡಿದು ಚಾಚುತ್ತದೆ, ರೋಗಿ ಅದನ್ನು ತೆಗೆದುಕೊಂಡು ಪಕ್ಕದ ಸ್ಟ್ಯಾಂಡಿನಲ್ಲಿ ಇಡಬೇಕು. ಇಬ್ಬರೂ ಸೇರಿ ಮಾಡುವ ಕೆಲಸ. ಕೊಡೋದು ತಗೊಳ್ಳೋದು ನಮಗೆಲ್ಲ ಎಷ್ಟು ಸಲೀಸು! ಆ ಕಡೆಯವರ ಹಿಡಿತ ಬಿಗಿಯಾದದ್ದು ಬೆರಳಿಗೇ ಗೊತ್ತಾಗುತ್ತದೆ, ಬಿಡುತ್ತೇವೆ. ನಮ್ಮ ರೋಬೋಟ್ ಲೋಟಕ್ಕೆ ಬೆರಳು ತಾಗಿದರೆ ಸಾಕು, ಬಿಟ್ಟುಬಿಡುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಲೋಟ ನೆಲಕ್ಕೆ. ಬೀಳಿಸಿದ್ದು ತಾವೇ ಅಂದುಕೊಂಡು ಕೆಲವರು ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದರು. ಅದು ನೋಡಲಾಗುತ್ತಿರಲಿಲ್ಲ. ಆ ಕಡೆಯಿಂದ ಎಳೆತ ಬಂದು, ಅರ್ಧ ಸೆಕೆಂಡು ನಿಂತರೆ ಮಾತ್ರ ಬಿಡಬೇಕು ಅಂತ ಮಾಡಿದೆವು. ಬಿದ್ದರೆ "ನಾನೇ ಬೇಗ ಬಿಟ್ಟೆ" ಅನ್ನಬೇಕು, ಅದು ನಿಜವಾಗಿ ಬೇಗ ಬಿಟ್ಟಿದ್ದರೆ ಮಾತ್ರ.

ಆಮೇಲೆ ನನಗೊಂದು ಅತಿಬುದ್ಧಿ ಹೊಳೆಯಿತು. ಕೈ ಲೋಟದ ತನಕ ಬರದಿದ್ದರೆ, ಐದು ಸೆಕೆಂಡ್ ಕಾದು ರೋಬೋಟೇ ಲೋಟವನ್ನು ಒಂದಿಂಚು ಹತ್ತಿರ ತರಲಿ ಅಂತ. ಸೋತೆ ಅಂತ ಯಾರಿಗೂ ಅನ್ನಿಸಬಾರದಲ್ಲ. ನಾಲ್ಕೇ ದಿನ. ಎಲ್ಲರೂ ಕೈ ಅರ್ಧಕ್ಕೆ ಚಾಚಿ ಸುಮ್ನೆ ಕೂರುತ್ತಿದ್ದರು. ಲೋಟ ತಾನಾಗಿ ಬರುತ್ತಿತ್ತು. ಯಾಕೆ ಹೀಗೆ ಅಂತ ಸಾಹೇಬ್ರನ್ನೇ ಕೇಳಿದೆ. "ಬಸ್ಸೇ ಮನೆ ಬಾಗಿಲಿಗೆ ಬಂದ್ರೆ ಸ್ಟಾಪಿನ ತನಕ ಯಾರಪ್ಪ ನಡೀತಾರೆ?" ಅಂದರು. ಅವರ ಮಾತಲ್ಲಿ ಸೋಮಾರಿತನವೇನೂ ಇರಲಿಲ್ಲ. ಕೈಯನ್ನು ಹಿಡಿದು ಆಡಿಸುವ ರೋಬೋಟುಗಳಲ್ಲೂ ಇದೇ ತೊಂದರೆ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಂಐಟಿ-ಮ್ಯಾನಸ್ ಅಂಥ ಯಂತ್ರಗಳ ಕಾಲದಿಂದಲೂ ಈ ಕ್ಷೇತ್ರದವರು ತಲೆ ಕೆಡಿಸಿಕೊಂಡಿರುವ ಪ್ರಶ್ನೆ, ಎಷ್ಟು ಸಹಾಯ ಮಾಡಿದರೆ ಸಾಕು ಅನ್ನೋದು. ಯಂತ್ರ ಹೆಚ್ಚು ಮಾಡಿದಷ್ಟೂ ಮನುಷ್ಯನ ಮೈ ಕಮ್ಮಿ ಮಾಡುತ್ತದೆ, ನಮಗೆ ಗೊತ್ತಿಲ್ಲದ ಹಾಗೆ. ಆ ಕೋಡನ್ನು ಕಿತ್ತುಹಾಕಿದೆ. ಲೋಟ ಎಲ್ಲಿರಬೇಕು ಅಂತ ಈಗ ಬೆಳಿಗ್ಗೆ ಮೇಡಂ ಹೇಳುತ್ತಾರೆ, ರೋಬೋಟ್ ಅಲ್ಲೇ ಹಿಡಿದುಕೊಂಡಿರುತ್ತದೆ.

ಇನ್ನು ಹೇಳಬೇಕಾದ ಒಂದು ವಿಷಯವಿದೆ. ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ.

ಮಂಡ್ಯ ಕಡೆಯ ಒಬ್ಬರು ಅಮ್ಮ ಬರುತ್ತಿದ್ದರು. ತೀರಾ ಮೃದು ಸ್ವಭಾವ. ಭುಜ ಸಡಿಲವಾಗಿತ್ತು, ಲಕ್ವ ಆದವರಿಗೆ ಹಾಗಾಗುವುದುಂಟು. ಆವತ್ತು ರೋಬೋಟ್ "ಇನ್ನು ಐದೇ ಐದು" ಅಂತು. ಅವರು ಐದೂ ಮಾಡಿದರು. ಮಾರನೇ ದಿನ ಬರಲಿಲ್ಲ. ಮೂರನೇ ದಿನ ಸೊಸೆ ಕರೆದುಕೊಂಡು ಬಂದಳು. ರಾತ್ರಿಯೆಲ್ಲ ಭುಜ ನೋವಿಗೆ ನಿದ್ದೆ ಇಲ್ಲವಂತೆ. ಮೇಡಂ ಪರೀಕ್ಷೆ ಮಾಡಿ, ಹೆಚ್ಚೇನೂ ಆಗಿಲ್ಲ, ಒಂದು ವಾರ ಬೇಡ ಅಂದರು. ನಾನು ಅಮ್ಮನ ಎದುರು ಕೂತು ಕೇಳಿದೆ, "ನೋವಾದಾಗ ನಿಲ್ಲಿಸಬಾರದಿತ್ತಾ ಅಮ್ಮ?"

"ಮಿಷನ್ನು ಹೇಳ್ತಿದೆ ಅಂದ್ಮೇಲೆ ಲೆಕ್ಕ ಹಾಕೇ ಹೇಳ್ತಿರುತ್ತೆ ಅಂದ್ಕೊಂಡೆ ಕಣಪ್ಪ."

ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಒಂದು ಪ್ರಯೋಗದ ಬಗ್ಗೆ 2016ರಲ್ಲಿ ಪ್ರಕಟವಾಗಿದ್ದನ್ನು ನಾನು ಓದಿದ್ದೆ. ಕಟ್ಟಡದಲ್ಲಿ ಸುಳ್ಳು ಹೊಗೆ ಹಬ್ಬಿಸಿ, ಬೆಂಕಿಯ ಗಂಟೆ ಬಾರಿಸಿ, ದಾರಿ ತೋರಿಸುವ ರೋಬೋಟೊಂದನ್ನು ನಿಲ್ಲಿಸಿದ್ದರು. ಕೆಲವರ ಮುಂದೆ ಅದು ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ದಾರಿ ತಪ್ಪಿ ಸುತ್ತಾಡಿತ್ತು. ಆದರೂ 26 ಜನಕ್ಕೆ 26 ಜನವೂ, ತಾವು ಒಳಗೆ ಬಂದ ಬಾಗಿಲು ಬಿಟ್ಟು, ಅದು ತೋರಿಸಿದ ಕಡೆಗೇ ಹೋದರು. ಓದಿದಾಗ ಅಮೆರಿಕದವರ ಪೆದ್ದುತನ ಅಂತ ನಕ್ಕಿದ್ದೆ. ಈಗ ಮಂಡ್ಯದ ಅಮ್ಮ ನನ್ನ ಎದುರು ಭುಜ ಹಿಡಿದುಕೊಂಡು ಕೂತಿದ್ದರು. ಅಲ್ಲಿಯವರೆಗೆ ನಮ್ಮ ಚಿಂತೆಯೆಲ್ಲ ಜನ ಇದನ್ನು ನಂಬುತ್ತಾರೋ ಇಲ್ಲವೋ ಅಂತಲೇ ಇತ್ತು.

ಆ ವಾರ ಬೇರೆ ಎಲ್ಲ ಕೆಲಸ ನಿಲ್ಲಿಸಿದೆವು. "ನೋವು" ಅಂತ ಹೇಳಿದರೆ ನಿಲ್ಲಬೇಕು ಅಂತ ಮೊದಲು ಮಾಡಿ ನೋಡಿದೆವು. ಲಕ್ವ ಆದವರ ಮಾತು ತೊದಲುತ್ತದೆ, ಕೆಲವರಿಗೆ ಪದವೇ ಸಿಗುವುದಿಲ್ಲ. ಯಂತ್ರಕ್ಕೆ ಹತ್ತರಲ್ಲಿ ನಾಲ್ಕು ಸಲ ಕೇಳಿಸುತ್ತಿರಲಿಲ್ಲ. ಹಾಗಾಗಿ ಚೆನ್ನಾಗಿರುವ ಕೈಯ ಕೆಳಗೆ ಅಂಗೈಯಗಲದ ಕೆಂಪು ಬಟನ್ ಇಟ್ಟೆವು. ಒತ್ತಿದರೆ ಎಲ್ಲ ನಿಲ್ಲುತ್ತದೆ, ಯಾಕೆ ಅಂತ ಕೇಳುವುದಿಲ್ಲ. ಹತ್ತು ಸಲಕ್ಕೊಮ್ಮೆ ರೋಬೋಟ್ ತಾನೇ ನಿಲ್ಲಿಸಿ, "ಭುಜ ಹೇಗಿದೆ?" ಅಂತ ಕೇಳುತ್ತದೆ. "ಇನ್ನು ಐದೇ ಐದು" ಅನ್ನೋದನ್ನು ತೆಗೆದೇಬಿಟ್ಟೆವು. ದಿನಾ ಶುರುವಿನಲ್ಲಿ ಒಂದು ಮಾತು ಹೇಳಿಸಿದೆವು: "ನನಗೆ ನಿಮ್ಮ ಕೈ ಕಾಣುತ್ತೆ, ನೋವು ಕಾಣಲ್ಲ. ನೋವಾದ್ರೆ ಬಟನ್ ಒತ್ತಿ." ದಿನಾ ಕೇಳಿ ಕೇಳಿ ಬೋರ್ ಆಗುತ್ತೆ ಅಂತ ದೂರು ಬಂತು. ಬಂದರೆ ಬರಲಿ ಅಂದೆ. ಅಮ್ಮ ವಾಪಸ್ ಬಂದ ದಿನ ಅದನ್ನು ಎರಡು ಸಲ ಒತ್ತಿದರು. ಒಂದು ಸಲ ನೋವಿಗೆ. ಇನ್ನೊಂದು ಸಲ, ನಿಜವಾಗಲೂ ನಿಲ್ಲುತ್ತಾ ನೋಡೋಣ ಅಂತ.

ಎಂಟನೇ ವಾರದ ಕೊನೆಗೆ ಸಾಹೇಬ್ರ ವೇಬಿಲ್ಲಿನಲ್ಲಿ 47 ಇತ್ತು, ರೋಬೋಟ್ 46 ಅಂದಿತು. ನನಗೆ ಹೊಟ್ಟೆ ತೊಳಸಿದಂತಾಯಿತು. ವಾರದಿಂದ ಒಂದೂ ತಪ್ಪಿರಲಿಲ್ಲ. ಲ್ಯಾಪ್‌ಟಾಪ್ ತೆಗೆದು ವಿಡಿಯೋ ಹುಡುಕುತ್ತಿದ್ದೆ.

"ಬಿಡಪ್ಪ. ಮೂವತ್ಮೂರನೇದು ನಾನೇ ಬೇಕಂತ ಬಗ್ಗಿ ಮಾಡಿದ್ದೆ. ಹಿಡೀತಾನಾ ನೋಡೋಣ ಅಂತ" ಅಂದರು. "ಹಿಡಿದ ಕಳ್ಳ ನನ್ಮಗ."

ಪುಸ್ತಕ ಮಡಚಿ ಜೇಬಿಗೆ ಹಾಕಿಕೊಂಡರು. "ನಾಳೆಯಿಂದ ಇದನ್ನ ತರಲ್ಲ. ಅವನ ಲೆಕ್ಕವೇ ಸಾಕು."

ಎರಡು ತಿಂಗಳು ನಾನು ಕಾದಿದ್ದು ಈ ಮಾತಿಗೇ. ಆದರೆ ಅದು ಅವರ ಬಾಯಿಂದ ಬಂದಾಗ ಖುಷಿಗಿಂತ ಮೊದಲು ಹೆದರಿಕೆಯಾಯಿತು. "ಬೇಡ ಸರ್. ದಯವಿಟ್ಟು ತನ್ನಿ" ಅಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಏನೂ ಹೇಳಲಿಲ್ಲ. ಮರುದಿನ ಪುಸ್ತಕ ತಂದಿದ್ದರು, ಪೆನ್ನು ಮರೆತಿದ್ದರು. ನನ್ನದನ್ನೇ ಕೊಟ್ಟೆ.